ಬೆಳಗಾಗುವುದರೊಳಗೆ ಕರ್ಣ ಸಾಯಬೇಕು

2020ರ ಲಾಕ್‌ಡೌನ್‌ನಲ್ಲಿ ಬೆಂಗಳೂರಿನ ಬಾಡಿಗೆ ಮನೆಗೆ ಬೀಗ ಹಾಕಿ, ಲ್ಯಾಪ್‌ಟಾಪ್ ಹೊತ್ತುಕೊಂಡು ಊರಿಗೆ ಓಡಿದವರಲ್ಲಿ ನಾನೂ ಒಬ್ಬ. ನಮ್ಮೂರು ಕೊಪ್ಪಳ ಜಿಲ್ಲೆಯ ಯಲಬುರ್ಗಾ ತಾಲೂಕಿನಲ್ಲಿದೆ. ಮನೆಯೊಳಗೆ ನೆಟ್‌ವರ್ಕ್ ಇಲ್ಲ, ಮಾಳಿಗೆ ಹತ್ತಿದರೆ ಎರಡು ಕಡ್ಡಿ ಬರುತ್ತದೆ. ಹಾಗಾಗಿ ಮಾಳಿಗೆ ಮೇಲೆ ತಗಡಿನ ನೆರಳು ಮಾಡಿಕೊಂಡು ಅದನ್ನೇ ಆಫೀಸು ಮಾಡಿಕೊಂಡೆ. ರಾತ್ರಿ ಹಾಸಿಗೆಯೂ ಅಲ್ಲೇ. ಪಕ್ಕದ ಹಾಸಿಗೆ ದೊಡ್ಡಪ್ಪನದು.

ದೊಡ್ಡಪ್ಪ ಮೊದಲು ದೊಡ್ಡಾಟದ ಮಾಸ್ತರನಾಗಿದ್ದ. ನಮ್ಮ ಕಡೆಯ ದೊಡ್ಡಾಟ ನೋಡದವರಿಗೆ ಹೇಳುವುದಾದರೆ, ಸುಗ್ಗಿ ಮುಗಿದ ಮೇಲೆ ಊರಿನ ರೈತರೇ ಎರಡು ಮೂರು ತಿಂಗಳು ತಾಲೀಮು ಮಾಡಿ, ಬಯಲಲ್ಲಿ ಅಟ್ಟ ಕಟ್ಟಿ, ರಾತ್ರಿ ಹತ್ತರಿಂದ ಬೆಳಗಿನ ತನಕ ಆಡುವ ಆಟ ಅದು. ಹಾಡು, ಕುಣಿತ, ಮಾತು ಎಲ್ಲವನ್ನೂ ಕಲಿಸಿ ಒಂದು ರಾತ್ರಿಗೆ ಹೊಂದಿಸುವವನು ಮಾಸ್ತರ.

ಒಂದು ರಾತ್ರಿ ದೊಡ್ಡಪ್ಪ ಕೇಳಿದ, "ಅಷ್ಟೊತ್ತು ಆ ಫೋನಿನ್ಯಾಗ ಏನ್ ಓದತಿಯೋ ತಮ್ಮಾ?"

ನಾನು ಆಗ ಜಾರ್ಜ್ ಆರ್. ಆರ್. ಮಾರ್ಟಿನ್ ಬರೆದ 'ಎ ಸಾಂಗ್ ಆಫ್ ಐಸ್ ಅಂಡ್ ಫೈರ್' ಸರಣಿಯನ್ನು ಎರಡನೇ ಸಲ ಓದುತ್ತಿದ್ದೆ. 'ಗೇಮ್ ಆಫ್ ಥ್ರೋನ್ಸ್' ಎಂದರೆ ನಿಮಗೆಲ್ಲ ಗೊತ್ತು. "ಒಂದು ಕತಿ ದೊಡ್ಡಪ್ಪ. ಏಳು ರಾಜ್ಯ, ಒಂದು ಸಿಂಹಾಸನ," ಅಂದೆ. "ಹಂಗಾದ್ರ ಹೇಳು ನೋಡೂಣು," ಅಂದ.

ಹೀಗೆ ಶುರುವಾಯಿತು. ದಿನಾ ಊಟವಾದ ಮೇಲೆ ಒಂದು ತಾಸು. ವೆಸ್ಟೆರಾಸ್ ಯಲಬುರ್ಗಾ ಮಾತಿಗೆ ಇಳಿಯಿತು. ವಿಂಟರ್‌ಫೆಲ್ 'ಬಡಗಲ ಕ್ವಾಟಿ' ಆಯಿತು. ಟಿರಿಯನ್ 'ಗಿಡ್ಡ' ಆದ, ದೊಡ್ಡಪ್ಪನ ಅಚ್ಚುಮೆಚ್ಚಿನ ಪಾತ್ರ ಅವನೇ. ನೆಡ್ ಸ್ಟಾರ್ಕ್‌ನ ತಲೆ ಕಡಿದ ರಾತ್ರಿ ದೊಡ್ಡಪ್ಪ ಎದ್ದು ಕೂತು, "ಮದಲನೇ ಪರ್ವದಾಗ ಧರ್ಮರಾಯನ್ನ ಕೊಂದ್ರ ಮುಂದ ಹೆಂಗ ನಡಸ್ತಾನಿವ?" ಅಂದ. ನಾಲ್ಕು ತಿಂಗಳಲ್ಲಿ ಐದು ಪುಸ್ತಕ ಹೇಳಿ ಮುಗಿಸಿದೆ. ಐದನೆಯದರ ಕೊನೆಯಲ್ಲಿ ಜಾನ್ ಸ್ನೋನನ್ನು ಅವನ ಸಂಗಡಿಗರೇ ಇರಿಯುತ್ತಾರೆ.

"ಮುಂದ?"

"ಮುಂದ ಇಲ್ಲ ದೊಡ್ಡಪ್ಪ. ಇನ್ನಾ ಬರದಿಲ್ಲ."

"ಇದನ್ನ ಯಾವಾಗ ಬರದಿದ್ದ?"

"2011ರಾಗ."

ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ, "ಮನಷಾ ಆರಾಮ ಅದಾನಿಲ್ಲೋ?"

ಇಂಟರ್‌ನೆಟ್ಟಿನಲ್ಲಿ ಈ ಲೇಖಕನನ್ನು ಬೈದವರನ್ನು ಸಾವಿರಾರು ಮಂದಿ ನೋಡಿದ್ದೇನೆ. ಮೊದಲು ಆರೋಗ್ಯ ವಿಚಾರಿಸಿದವನು ನಮ್ಮ ದೊಡ್ಡಪ್ಪ ಒಬ್ಬನೇ. ಆವತ್ತು ನನ್ನ ತಲೆಯಲ್ಲಿ ಕೂತ ಪ್ರಶ್ನೆ ಇನ್ನೂ ಹೋಗಿಲ್ಲ: ದೊಡ್ಡ ಕತೆಯೊಂದನ್ನು ಶುರು ಮಾಡಿದವನು ಕೇಳುವವರಿಗೆ ಏನನ್ನಾದರೂ ಸಾಲ ಇಟ್ಟುಕೊಂಡಿರುತ್ತಾನಾ? ಇಟ್ಟುಕೊಂಡಿದ್ದರೆ ಅದು ಏನು? ಕೊನೆಯಾ, ವೇಗವಾ, ಅಥವಾ ಬೇರೆ ಏನಾದರೂ?

ಮೊದಲು ಏನಾಯಿತು ನೋಡೋಣ. ಮಾರ್ಟಿನ್ ಮೂರು ಪುಸ್ತಕ ಎಂದು ಯೋಚಿಸಿ ಹೊರಟದ್ದು. 1996, 1998, 2000ದಲ್ಲಿ ಮೂರು ಬಂದವು, ಕತೆ ಮಾತ್ರ ಮುಗಿಯುವ ಬದಲು ಬೆಳೆಯಿತು. ಮಕ್ಕಳ ಪಾತ್ರಗಳು ದೊಡ್ಡವರಾಗಲಿ ಎಂದು ಕತೆಯಲ್ಲಿ ಐದು ವರ್ಷ ಹಾರಿಸುವ ಆಲೋಚನೆಯಿತ್ತು. ಬರೆಯಲು ಕೂತಾಗ ಅದು ಕೂಡಿ ಬರಲಿಲ್ಲ, ಕೈಬಿಟ್ಟರು. ನಾಲ್ಕನೆಯ ಪುಸ್ತಕ ಎಷ್ಟು ಹಿಗ್ಗಿತೆಂದರೆ ಅದನ್ನು ಎರಡಾಗಿ ಒಡೆಯಬೇಕಾಯಿತು, ಅರ್ಧ ಪಾತ್ರಗಳು ಒಂದರಲ್ಲಿ, ಉಳಿದರ್ಧ ಇನ್ನೊಂದರಲ್ಲಿ. 2005ರ ಪುಸ್ತಕದ ಕೊನೆಯಲ್ಲಿ, ಮುಂದಿನದು ಬರುವ ವರ್ಷ ಬಂದೀತು ಎಂಬ ಆಸೆ ಹೇಳಿಕೊಂಡಿದ್ದರು. ಬಂದದ್ದು 2011ರಲ್ಲಿ. ಆರನೆಯದು ನಾನು ಇದನ್ನು ಬರೆಯುವ ಹೊತ್ತಿಗೂ ಬಂದಿಲ್ಲ.

ಇದು ಅವರೊಬ್ಬರ ಕತೆಯಲ್ಲ. ರಾಬರ್ಟ್ ಜೋರ್ಡನ್ ಅವರ 'ದಿ ವೀಲ್ ಆಫ್ ಟೈಮ್' 1990ರಲ್ಲಿ ಶುರುವಾಗಿ, 2005ರ ಹೊತ್ತಿಗೆ ಹನ್ನೊಂದು ಪುಸ್ತಕವಾದರೂ ಮುಗಿದಿರಲಿಲ್ಲ. ಹತ್ತನೆಯ ಪುಸ್ತಕವನ್ನು ಓದಿದವರಿಗೆ ನೆನಪಿರಬಹುದು. ಒಂಬತ್ತನೆಯದರ ಕೊನೆಯಲ್ಲಿ ನಡೆದ ಒಂದು ದೊಡ್ಡ ಘಟನೆಯ ಹೊತ್ತಿನಲ್ಲಿ ಬೇರೆ ಬೇರೆ ಕಡೆ ಇದ್ದವರೆಲ್ಲ ಏನು ಮಾಡುತ್ತಿದ್ದರು ಅನ್ನುವುದರಲ್ಲೇ ಅದರ ಬಹುಪಾಲು ಹೋಗುತ್ತದೆ. ಪುಟ ತಿರುಗುತ್ತದೆ, ದಿನ ತಿರುಗುವುದಿಲ್ಲ.

ಹೀಗೇಕಾಗುತ್ತದೆ ಎಂಬುದು ಸಾಫ್ಟ್‌ವೇರಿನಲ್ಲಿರುವ ನನ್ನಂಥವನಿಗೆ ಬೇಗ ಅರ್ಥವಾಗುತ್ತದೆ. ಹೊಸ ಫೀಚರ್ ಸೇರಿಸುವ ದಿನ ಅದರ ಖರ್ಚು ಕಾಣುವುದಿಲ್ಲ. ಅದು ಹಳೆಯ ಎಲ್ಲದರ ಜೊತೆ ಹೊಂದಿಕೊಳ್ಳಬೇಕಾದಾಗ ಕಾಣುತ್ತದೆ. ಕತೆಯಲ್ಲೂ ಅಷ್ಟೆ. ಹೊಸ ಪಾತ್ರಕ್ಕೆ ಒಂದು ಅಧ್ಯಾಯ ಕೊಟ್ಟರೆ ಅವನಿಗೆ ಒಂದು ದಾರಿ ಬೇಕು, ದಾರಿಯಲ್ಲಿ ಜೊತೆಗಾರ ಬೇಕು, ಕೊನೆಗೆ ಅವನು ಸರಿಯಾದ ದಿನ ಸರಿಯಾದ ಊರಿಗೆ ತಲುಪಬೇಕು. ಅಂಥವರು ಇಪ್ಪತ್ತು ಮಂದಿ ಇದ್ದರೆ ಒಬ್ಬ ತಡವಾದರೂ ಉಳಿದ ಹತ್ತೊಂಬತ್ತು ಮಂದಿ ಕಾಯಬೇಕು.

ಆದರೆ ನನಗೆ ಇದು ನಿಜವಾಗಿ ಗೊತ್ತಾದದ್ದು ಆಫೀಸಿಗಿಂತ ಮೊದಲು, ನಮ್ಮೂರ ಅಟ್ಟದ ಮುಂದೆ. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ದೊಡ್ಡಪ್ಪ ಕರ್ಣಪರ್ವ ಆಡಿಸಿದ. ದೊಡ್ಡಾಟದಲ್ಲಿ ಪ್ರತಿ ಪಾತ್ರ ಬಂದಾಗಲೂ ಸಾರಥಿ ಎದುರಿಗೆ ನಿಂತು ನೀನು ಯಾರು, ಎತ್ತಣವನು ಎಂದು ಕೇಳುತ್ತಾನೆ. ಪಾತ್ರಧಾರಿ ಹಾಡಿ ಕುಣಿದು ತನ್ನ ಪರಿಚಯ ಹೇಳಿಕೊಳ್ಳುತ್ತಾನೆ. ಪಾತ್ರ ಹಾಕಿದವರು ಕೈಯಿಂದ ದುಡ್ಡು ಹಾಕಿ ಆಡುವವರು. ಅವರವರ ಮನೆಮಂದಿ ಮುಂದೆ ಕೂತಿರುತ್ತಾರೆ. ನಕುಲನ ಪಾತ್ರಕ್ಕೆ ಎರಡೇ ಮಾತು ಸಾಕು ಎಂದು ಮಾಸ್ತರ ಹೇಳುವ ಹಾಗಿಲ್ಲ, ನಕುಲನ ಮಾವ ಕುಷ್ಟಗಿಯಿಂದ ಬಂದಿರುತ್ತಾನೆ. ಜೊತೆಗೆ ಆಯೇರಿ. ಪದ ಚೆನ್ನಾಗಿ ಹಾಡಿದವನಿಗೆ ಐವತ್ತೊಂದು ರೂಪಾಯಿ ಎಂದು ಮೈಕಿನಲ್ಲಿ ಕೂಗಬೇಕು, ಕೊಟ್ಟವರ ಹೆಸರು ತಪ್ಪಬಾರದು. ಅಷ್ಟೂ ಹೊತ್ತು ಕುರುಕ್ಷೇತ್ರ ನಿಂತಿರುತ್ತದೆ.

ಆವತ್ತು ಪರಿಚಯ ಮುಗಿಯುವ ಹೊತ್ತಿಗೇ ನಡುರಾತ್ರಿ ದಾಟಿತ್ತು. ಕುಂತಿ ಬಂದು ಕರ್ಣನನ್ನು ಬೇಡುವಾಗ ಕೋಳಿ ಕೂಗಿತು. ರಥದ ಗಾಲಿ ನೆಲಕ್ಕಿಳಿಯುವಾಗ ಹೊತ್ತು ಹುಟ್ಟಿತ್ತು. ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಎದ್ದರು, ದನ ಹಿಂಡಬೇಕು, ನೀರು ತರಬೇಕು. ಗಂಡಸರು ಚಾಪೆ ಸುತ್ತಿಕೊಂಡು ಹೊರಟರು. ಕರ್ಣನ ಪಾತ್ರ ಹಾಕಿದವನು ನಮ್ಮ ಓಣಿಯ ಒಬ್ಬ ಕೂಲಿ ರೈತ. ಮೂರು ತಿಂಗಳು ಹೊಲದ ಕೆಲಸ ಮುಗಿಸಿ ಬಂದು ತಾಲೀಮು ಮಾಡಿದ್ದ. ಅವನ ಅವ್ವ ರಾತ್ರಿಯಿಡೀ ಮುಂದೆಯೇ ಕೂತಿದ್ದಳು. ಎಮ್ಮೆ ಒದರಲು ಶುರು ಮಾಡಿದ್ದಕ್ಕೆ ಅವಳೂ ಎದ್ದು ಹೋದಳು. ಬಿಸಿಲಿನಲ್ಲಿ ಬಣ್ಣ ಕರಗಿದ ಮುಖದಲ್ಲಿ ಕರ್ಣ ಸತ್ತಾಗ ಮುಂದೆ ಇದ್ದವರು ಇಪ್ಪತ್ತು ಮಂದಿ ಇರಬೇಕು. ಅದರಲ್ಲಿ ಅರ್ಧ ನಮ್ಮಂಥ ಹುಡುಗರು.

ಆಟ ಮುಗಿದ ಮೇಲೆ ದೊಡ್ಡಪ್ಪ ಆ ಕರ್ಣನ ಎದುರು ಕೈಮುಗಿದು ನಿಂತದ್ದು ನನಗೆ ನೆನಪಿದೆ. ಅವನು ಕೈಮುಗಿದದ್ದು ಯಾಕೆ ಎಂದು ಆಗ ತಿಳಿದಿರಲಿಲ್ಲ.

ಈಗ ಅನ್ನಿಸುವುದು ಇಷ್ಟು. ಕತೆಯ ವೇಗವನ್ನು ನಾವು ಕಸುಬಿನ ಸಂಗತಿ ಅಂದುಕೊಂಡಿರುತ್ತೇವೆ, ಚೆನ್ನಾಗಿದ್ದರೆ ಚೆಂದ, ಇಲ್ಲದಿದ್ದರೆ ಬೋರು. ಆದರೆ ಕತೆಗಾರ ಖರ್ಚು ಮಾಡುವುದು ಬೇರೆಯವರ ರಾತ್ರಿಯನ್ನು. ಮೊದಲ ಪಾತ್ರಕ್ಕೆ ಧಾರಾಳವಾಗಿ ಕೊಟ್ಟ ಅರ್ಧ ತಾಸನ್ನು ಕೊನೆಯ ಪಾತ್ರದಿಂದ ಕಿತ್ತುಕೊಂಡಿರುತ್ತಾನೆ. ಹಾಗಾಗಿ ಅದು ನ್ಯಾಯದ ಪ್ರಶ್ನೆಯೂ ಹೌದು.

ನಮ್ಮ ಕವಿಗಳು ಇದನ್ನು ಹೇಗೆ ನಿಭಾಯಿಸಿದರು ನೋಡಿ. ಭಾರತ ಬಹಳ ಉದ್ದದ ಕತೆ. ಹತ್ತನೇ ಶತಮಾನದಲ್ಲಿ ಪಂಪ ಅದನ್ನು ಹದಿನಾಲ್ಕು ಆಶ್ವಾಸಗಳಿಗೆ ಇಳಿಸಿದ, ಅದೂ ಆರು ತಿಂಗಳಲ್ಲಿ ಮುಗಿಸಿದೆ ಎಂದು ತಾನೇ ಹೇಳಿಕೊಂಡ. ಮುಧೋಳದ ರನ್ನ ಇನ್ನೂ ಜಾಣ. ಅವನ 'ಗದಾಯುದ್ಧ' ಶುರುವಾಗುವುದೇ ಯುದ್ಧದ ಕೊನೆಗೆ. ದುರ್ಯೋಧನ ಹೆಣಗಳ ನಡುವೆ ನಡೆಯುತ್ತಾನೆ, ದ್ರೋಣ, ದುಶ್ಶಾಸನ, ಕರ್ಣ ಎಲ್ಲರೂ ಬಿದ್ದಿದ್ದಾರೆ, ನೋಡನೋಡುತ್ತಾ ಹಿಂದಿನದೆಲ್ಲ ನೆನಪಾಗಿ ಬರುತ್ತದೆ. ಸಿಂಹ ತಿರುಗಿ ನೋಡುವ ಕ್ರಮ, ಸಿಂಹಾವಲೋಕನ ಕ್ರಮ ಎಂದು ಅದಕ್ಕೆ ಹೆಸರು. ಕೊನೆ ಕೈಯಲ್ಲಿರುವುದರಿಂದ ಎಲ್ಲಿ ನಿಲ್ಲಬೇಕು, ಎಲ್ಲಿ ನಡೆಯಬೇಕು ಎನ್ನುವ ಗೊಂದಲ ಅವನಿಗಿಲ್ಲ.

ಕುಮಾರವ್ಯಾಸನದು ಮೂರನೆಯ ದಾರಿ. ನಮ್ಮ ಪಕ್ಕದ ಗದಗಿನ ವೀರನಾರಾಯಣ ಗುಡಿಯ ಕಂಬಕ್ಕೆ ಒರಗಿ ಬರೆದ ಎಂದು ಜನ ನಂಬುವ ಈ ಕವಿ ಯಾವುದಕ್ಕೂ ಅವಸರ ಮಾಡುವವನಲ್ಲ. ಹದಿನೆಂಟು ಪರ್ವದ ಭಾರತದಲ್ಲಿ ಅವನು ಬರೆದದ್ದು ಹತ್ತು. ಉಳಿದ ಎಂಟನ್ನು ಮುಂದೆ ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಬರೆದ. ಅದು 'ಕೃಷ್ಣರಾಯ ಭಾರತ'.

ಮಾಳಿಗೆ ಮೇಲೆ ದೊಡ್ಡಪ್ಪನಿಗೆ ಇದನ್ನೇ ಹೇಳಿದೆ. "ನಿಮ್ಮ ನಾರಾಣಪ್ಪನೂ ಪೂರ್ತಿ ಮಾಡಿಲ್ಲಲ್ಲ ದೊಡ್ಡಪ್ಪ. ಇವನ್ನ ಯಾಕ ಬೈಬೇಕು?"

"ನಾ ಎಲ್ಲಿ ಬೈದೆ?" ಅಂದ. ಆಮೇಲೆ, "ನಾರಾಣಪ್ಪ ಯುದ್ಧ ಮುಗಿಸಿ, ಧರ್ಮರಾಯಗ ಪಟ್ಟ ಕಟ್ಟಿ ನಿಂತಾನ. ನಿಲ್ಲಸೂದು ಬ್ಯಾರೆ, ನಡುವ ಬಿಟ್ಟು ಹೋಗೂದು ಬ್ಯಾರೆ."

ಇದನ್ನು ನಾನು ಬಹಳ ದಿನ ಯೋಚಿಸಿದೆ. ಅದರಲ್ಲಿ ಇನ್ನೊಂದು ವ್ಯತ್ಯಾಸವೂ ಇದೆ. ಭಾರತದ ಕೊನೆ ಎಲ್ಲರಿಗೂ ಗೊತ್ತು. ಕುಮಾರವ್ಯಾಸ ನಿಲ್ಲಿಸಿದರೆ ತಿಮ್ಮಣ್ಣ ಎತ್ತಿಕೊಳ್ಳುತ್ತಾನೆ, ತಿಮ್ಮಣ್ಣ ಇಲ್ಲದಿದ್ದರೆ ನಮ್ಮಜ್ಜಿ ಹೇಳುತ್ತಾಳೆ. ಆ ಕತೆ ಒಬ್ಬನ ಕಿಸೆಯಲ್ಲಿಲ್ಲ. ವೆಸ್ಟೆರಾಸ್ ಹಾಗಲ್ಲ. ಅದರ ಬೀಗದ ಕೈ ಒಬ್ಬನ ಹತ್ತಿರ ಮಾತ್ರ ಇದೆ. ಕೀಲಿ ಒಬ್ಬನ ಹತ್ತಿರವೇ ಇದ್ದರೆ ಅವನ ಹೊಣೆ ಜಾಸ್ತಿ. ಜೋರ್ಡನ್ ಇದನ್ನು ಅರಿತಿದ್ದರು ಅನ್ನಿಸುತ್ತದೆ. ಕಾಯಿಲೆ ದೊಡ್ಡದು ಎಂದು ತಿಳಿದ ಮೇಲೆ ಟಿಪ್ಪಣಿ ಬಿಟ್ಟರು, ಮನೆಯವರನ್ನು ಕೂರಿಸಿಕೊಂಡು ಮುಂದಿನ ಕತೆ ಹೇಳಿದರು. 2007ರಲ್ಲಿ ಅವರು ತೀರಿಕೊಂಡರು. ಅವರ ಹೆಂಡತಿ, ಅವರ ಪುಸ್ತಕಗಳ ಎಡಿಟರ್ ಕೂಡ ಆಗಿದ್ದ ಹ್ಯಾರಿಯೆಟ್ ಮೆಕ್‌ಡೂಗಲ್, ಬ್ರಾಂಡನ್ ಸ್ಯಾಂಡರ್ಸನ್ ಎಂಬ ಕಿರಿಯ ಲೇಖಕನನ್ನು ಆರಿಸಿದರು. ಕೊನೆಯ ಒಂದು ಪುಸ್ತಕ ಮೂರಾಗಿ, 2013ಕ್ಕೆ ಸರಣಿ ಮುಗಿಯಿತು. ಗದಗಿನಲ್ಲಿ ಆದದ್ದೇ ಅಮೆರಿಕದಲ್ಲೂ ಆಯಿತು. ನಮ್ಮ ಆಫೀಸ್ ಭಾಷೆಯಲ್ಲಿ ಇದಕ್ಕೆ ಹ್ಯಾಂಡೋವರ್ ಅನ್ನುತ್ತೇವೆ.

ಇನ್ನೊಂದು ಕಡೆಯ ಮಾತನ್ನೂ ಕೇಳಬೇಕು. 2009ರಲ್ಲಿ ನೀಲ್ ಗೈಮನ್ ಎಂಬ ಲೇಖಕ, ಮಾರ್ಟಿನ್ ಓದುಗರ ಆಳಲ್ಲ, ನೀವು ದುಡ್ಡು ಕೊಟ್ಟದ್ದು ಆ ಒಂದು ಪುಸ್ತಕಕ್ಕೆ, ಅದು ನಿಮಗೆ ಸಿಕ್ಕಿದೆ ಎಂಬರ್ಥದಲ್ಲಿ ಬರೆದಿದ್ದರು. ಅರ್ಧ ಒಪ್ಪುತ್ತೇನೆ. ಡೇಟು ಕೇಳುವ ಹಕ್ಕು ನಮಗಿಲ್ಲ. ಒತ್ತಾಯಕ್ಕೆ ಮುಗಿಸಿದ ಕತೆ ಏನಾಗುತ್ತದೆ ಎಂದು ನಾವೇ ನೋಡಿದ್ದೇವೆ. ಟಿವಿ ಸರಣಿ ಪುಸ್ತಕಗಳನ್ನು ದಾಟಿ ಮುಂದೆ ಹೋಗಿ, 2019ರಲ್ಲಿ ಆರೇ ಕಂತುಗಳ ಕೊನೆಯ ಸೀಸನ್ನಿನಲ್ಲಿ ಮುಗಿಯಿತು. ಮೊದಲ ಸೀಸನ್ನುಗಳಲ್ಲಿ ಎಷ್ಟೋ ಕಂತು ಹಿಡಿಯುತ್ತಿದ್ದ ಪ್ರಯಾಣ ಕೊನೆಗೆ ಒಂದು ದೃಶ್ಯದಿಂದ ಇನ್ನೊಂದಕ್ಕೆ ಆಗಿಹೋಗುತ್ತಿತ್ತು.

ಮಾರ್ಟಿನ್ ಒಂದು ಹೋಲಿಕೆ ಕೊಡುತ್ತಾರೆ. ಬರೆಯುವವರಲ್ಲಿ ಎರಡು ಥರ, ನಕ್ಷೆ ಹಾಕಿ ಕಟ್ಟುವವರು, ಬೀಜ ಹಾಕಿ ಏನು ಬೆಳೆಯುತ್ತದೆ ನೋಡುವ ತೋಟಗಾರರು. ತಾನು ತೋಟಗಾರ. ಮಾತು ಚೆನ್ನಾಗಿದೆ. ಆದರೆ ನಮ್ಮ ಜಿಲ್ಲೆಯಲ್ಲಿ ಬೆಳೆದವನಿಗೆ ಒಂದು ತಕರಾರು ಉಳಿಯುತ್ತದೆ. ಗಂಗಾವತಿಯ ಭತ್ತದವರು ತುಂಗಭದ್ರಾ ಎಡದಂಡೆ ಕಾಲುವೆಗೆ ಯಾವಾಗ ನೀರು ಬಿಡುತ್ತಾರೆ, ಯಾವಾಗ ನಿಲ್ಲಿಸುತ್ತಾರೆ ನೋಡಿಕೊಂಡೇ ನಾಟಿ ಮಾಡುತ್ತಾರೆ. ಮಳೆ ನಂಬಿದ ನಮ್ಮ ಯಲಬುರ್ಗಾ, ಕುಷ್ಟಗಿಯವರು ಹದ ನೋಡಿ ಬಿತ್ತುತ್ತಾರೆ. ಬೆಳೆಯುವವನಿಗೂ ಹಂಗಾಮು ಅಂತ ಇರುತ್ತದೆ. ಎಷ್ಟು ನೀರಿದೆ ಎಂದು ನೋಡದೆ ಬಿತ್ತಿದವನನ್ನು ಊರು ತೋಟಗಾರ ಅನ್ನುವುದಿಲ್ಲ.

ಇನ್ನು ನನ್ನ ತಪ್ಪಿಗೆ ಬರುತ್ತೇನೆ.

ಪುಸ್ತಕ ಮುಂದೆ ಇಲ್ಲ ಅಂದ ಮೇಲೆ, "ಟಿವಿಯವರು ತಮ್ಮದ ಒಂದು ಕೊನಿ ಮಾಡ್ಯಾರ, ಹೇಳ್ಲೇನು?" ಅಂದೆ. "ಹೇಳು," ಅಂದ. ಆ ವಾರವೇ ಆಫೀಸಿನಲ್ಲಿ ರಿಲೀಸ್ ಇತ್ತು. ಎರಡು ವಾರದ ಕೆಲಸ ಎಂದು ನಾನೇ ಹೇಳಿ, ಅದು ಎಂಟನೇ ವಾರಕ್ಕೆ ಬಂದಿತ್ತು. ನನ್ನ ಡೇಟು ನಂಬಿ ಬೇರೆ ಟೀಮಿನ ಹುಡುಗಿಯೊಬ್ಬಳು ತನ್ನ ತಂಗಿಯ ಮದುವೆಗೆ ರಜೆ ಬರೆದಿದ್ದಳು, ಅದನ್ನು ರದ್ದು ಮಾಡಬೇಕಾಯಿತು. ಅವಳು ನನಗೆ ಹೇಳಿದ್ದು ಒಂದೇ ಮಾತು: "ಆಗಲ್ಲ ಅಂತ ನಿಮಗೆ ಮೂರನೇ ವಾರಕ್ಕೇ ಗೊತ್ತಿತ್ತಲ್ಲ ಸರ್, ಆವಾಗಲೇ ಹೇಳಬಹುದಿತ್ತು." ಆ ತಲೆಬಿಸಿಯಲ್ಲಿ ಒಂದು ರಾತ್ರಿ ಕೂತು, ನಾಲ್ಕು ತಿಂಗಳು ಹೇಳಿದ ಕತೆಯ ಕೊನೆಯನ್ನು ಅರ್ಧ ತಾಸಿನಲ್ಲಿ ಮುಗಿಸಿಬಿಟ್ಟೆ. ಜಾನ್ ಎದ್ದ, ಸತ್ತವರ ದಂಡು ಬಂತು, ಹೋಯಿತು, ಊರು ಸುಟ್ಟಿತು, ರಾಣಿ ಸತ್ತಳು, ಕುಂಟ ಹುಡುಗ ರಾಜನಾದ. ಮುಗೀತು.

ದೊಡ್ಡಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಕತಿ ಅವಂಗ ಮುಗಿಲಿಲ್ಲ, ನಿನಗ ಸಾಕಾತು," ಅಂದು ಮಗ್ಗುಲಾದ.

ಅವನು ಸಿಟ್ಟಿನಿಂದ ಅಂದದ್ದಲ್ಲ. ಅದಕ್ಕೇ ಇನ್ನೂ ಚುಚ್ಚುತ್ತದೆ. ವರ್ಷಗಟ್ಟಲೆ ಟಿವಿಯವರನ್ನು ಬೈದವನು ನಾನೂ ಅದನ್ನೇ ಮಾಡಿದ್ದೆ. 2022ರಲ್ಲಿ ದೊಡ್ಡಪ್ಪ ತೀರಿಕೊಂಡ.

ದಿನಕರ್ಮ ಮುಗಿದ ಮೇಲೆ ಅವನ ಟ್ರಂಕಿನಲ್ಲಿ ಕರ್ಣಪರ್ವದ ನೋಟ್‌ಬುಕ್ ಸಿಕ್ಕಿತು. ಆ ಬಿಸಿಲಿನ ಕರ್ಣನ ಆಟವಾದ ಮೇಲೆ ಮತ್ತೊಮ್ಮೆ ಬರೆದ ಪ್ರತಿ ಅದು. ಪದಗಳ ಪಕ್ಕದಲ್ಲಿ ಕೆಂಪು ಪೆನ್ನಿನಲ್ಲಿ ಹೊತ್ತು ಹಾಕಿದ್ದ. ಕರ್ಣನ ಸಾವಿನ ಎದುರಿಗೆ '4.30, ಕತ್ತಲಿರಬೇಕು.' ಅಲ್ಲಿಂದ ಹಿಂದಕ್ಕೆ, ಕುಂತಿಯ ಎದುರಿಗೆ '2.' ಇನ್ನೂ ಹಿಂದಕ್ಕೆ, ಪರಿಚಯಗಳು ಮುಗಿಯಬೇಕಾದದ್ದು '11.30.' ಆಯೇರಿ ಕೂಗುವುದಕ್ಕೆ ಒಂದೇ ಜಾಗ, ಒಂದೇ ಸಲ. ಕೊನೆಯಿಂದ ಹಿಂದಕ್ಕೆ ಎಣಿಸಿದ್ದ, ರನ್ನನ ಹಾಗೆ. ಆದರೆ ನಕುಲನ ಪದ ಕಡಿಮೆ ಮಾಡಿರಲಿಲ್ಲ. ಅವನನ್ನು ಒಂದು ತಾಸು ಮೊದಲು ತಂದಿದ್ದ, ಅಷ್ಟೆ. ಆಟ ಹತ್ತಕ್ಕಲ್ಲ, ಒಂಬತ್ತಕ್ಕೆ ಶುರು ಎಂದು ಮೇಲೆ ಬರೆದಿದ್ದ.

ಅವನು ಕರ್ಣನ ಎದುರು ಕೈಮುಗಿದದ್ದು ಯಾಕೆ ಎಂದು ಆವತ್ತು ತಿಳಿಯಿತು.

ಹಾಗಾದರೆ ಸಾಲ ಏನು? ನನಗೆ ಈಗ ಅನ್ನಿಸುವುದು, ಕತೆಗಾರ ನಮಗೆ ಕೊನೆಯನ್ನು ಇಂಥ ದಿನ ಎಂದು ಬಾಕಿ ಇಟ್ಟುಕೊಂಡಿಲ್ಲ. ಕಾಯಿಲೆ ಬರಬಹುದು, ಗಂಟು ಬಿಚ್ಚದೇ ಇರಬಹುದು, ಸುಸ್ತಾಗಬಹುದು, ಯಾರೂ ಯಂತ್ರವಲ್ಲ. ಅವನು ಬಾಕಿ ಇಟ್ಟುಕೊಂಡಿರುವುದು ಮೂರು. ನಮ್ಮ ರಾತ್ರಿಗೆ ಒಂದು ಬೆಳಗು ಇದೆ ಎಂಬ ನೆನಪು. ಆಗುವುದಿಲ್ಲ ಎಂದು ತನಗೆ ಗೊತ್ತಾದ ದಿನ ಅದನ್ನು ನಮಗೂ ಹೇಳುವುದು. ಮುಗಿಸಲು ಆಗದಿದ್ದರೆ ಮುಂದಿನವನಿಗೆ ಕೀಲಿ ಕೊಡುವುದು. ಕೇಳುವವರ ಕಡೆಯಿಂದಲೂ ಒಂದಿದೆ. "ಯಾವಾಗ?" ಅನ್ನುವ ಮೊದಲು "ಆರಾಮ ಅದಾನಿಲ್ಲೋ?" ಅನ್ನಬೇಕು.

ಹೋದ ಯುಗಾದಿಗೆ ಊರಿಗೆ ಹೋಗಿದ್ದೆ. ದೊಡ್ಡವ್ವ ಬೇವು ಬೆಲ್ಲ ಕೊಡುತ್ತಾ ಇದ್ದಕ್ಕಿದ್ದ ಹಾಗೆ ಕೇಳಿದಳು, "ತಮ್ಮಾ, ಆ ಗಿಡ್ಡ ಕಡೀಕ ಏನಾದನೋ?"

ನನಗೆ ಮೊದಲು ತಿಳಿಯಲೇ ಇಲ್ಲ. ಆ ನಾಲ್ಕು ತಿಂಗಳೂ ಅವಳು ಕೆಳಗೆ ಅಂಗಳದಲ್ಲಿ ಮಲಗಿ ಕೇಳಿಸಿಕೊಂಡಿದ್ದಳಂತೆ. ಕೊನೆಯ ರಾತ್ರಿ ನಾನು ಗಡಿಬಿಡಿಯಲ್ಲಿ ಗಿಡ್ಡನನ್ನು ಪೂರ್ತಿ ಬಿಟ್ಟೇಬಿಟ್ಟಿದ್ದೆ. ನಾಲ್ಕೈದು ವರ್ಷ ಅವಳು ಯಾರನ್ನೂ ಕೇಳಿರಲಿಲ್ಲ.

"ಹೇಳ್ತೀನಿ ದೊಡ್ಡವ್ವ," ಅಂದೆ. "ಆದ್ರ ಇವತ್ತ ಮುಗಿಯಂಗಿಲ್ಲ. ನಾ ಊರಾಗ ಇನ್ನ ಮೂರು ದಿನ ಇರತೀನಿ, ಮೂರು ರಾತ್ರಿ ಹಿಡಿತೈತಿ. ಇಷ್ಟು ಪುಸ್ತಕದಾಗ ಐತಿ, ಇಷ್ಟು ಟಿವಿಯವರದು, ಯಾವುದು ಯಾರದಂತ ಹೇಳಿ ಹೇಳ್ತೀನಿ."

"ಮೂರು ರಾತ್ರಿ ಸಾಕು," ಅಂದಳು. "ಮುಂಜಾನಿ ನಾ ಲಗೂನ ಏಳಬೇಕು."